ಮೂರು ಬಾಲ್ ಪೈಥಾನ್‌ಗಳಿಗೆ ಮನೆಯಲ್ಲೇ ಇಲಿ ಬೆಳೆಸುವುದು ಹೇಗೆ?

ಪ್ರಶ್ನೆ: ನಾವು ಮೈಸೂರಿನವರು. ಮನೆಯಲ್ಲಿ ಮೂರು ಬಾಲ್ ಪೈಥಾನ್ (ಆಫ್ರಿಕಾ ಮೂಲದ ಚಿಕ್ಕ ಹೆಬ್ಬಾವು) ಇವೆ. ಹೆಣ್ಣು 1.6 ಕೆಜಿ, ಗಂಡು 1.2 ಕೆಜಿ, ಇನ್ನೊಂದು 350 ಗ್ರಾಂ ತೂಗುವ ಎಳೆಯದು. ಮೂರಕ್ಕೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಬೆಂಗಳೂರಿನಿಂದ ಇಲಿ ತರಿಸುತ್ತೇವೆ, ಆದರೆ ಬೇಕಾದ ಸೈಜು ಬೇಕಾದಾಗ ಸಿಗುವುದಿಲ್ಲ. ತಾರಸಿಯ ಮೇಲೆ ಶೀಟ್ ಹೊದಿಸಿದ ಒಂದು ಕೋಣೆ ಖಾಲಿ ಇದೆ. ಹತ್ತು ಹೆಣ್ಣಿಲಿ, ಎರಡು ಗಂಡಿಲಿ ಇಟ್ಟು ಶುರು ಮಾಡಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಸರಿಯೇ? ಪೆಟ್ಟಿಗೆ, ಆಹಾರ, ಕೊಲ್ಲುವ ವಿಧಾನ ಎಲ್ಲವನ್ನೂ ವಿವರವಾಗಿ ತಿಳಿಸಿ.

ಉತ್ತರ: ಹತ್ತು ಹೆಣ್ಣು ಖಂಡಿತ ಬೇಡ. ಮೂರು ಹೆಣ್ಣು, ಒಂದು ಗಂಡು ನಿಮಗೆ ಸಾಕು. ಆ ಶೀಟಿನ ಕೋಣೆಯೂ ಬೇಡ. ಎರಡಕ್ಕೂ ಕಾರಣ ಹೇಳುತ್ತೇನೆ.

ಇಲಿಯ ಲೆಕ್ಕವನ್ನು ಹಾವಿನ ಹೊಟ್ಟೆಯಿಂದ ಶುರು ಮಾಡಬೇಕು. ನಿಮ್ಮ ಎರಡು ದೊಡ್ಡ ಹಾವುಗಳಿಗೆ ಹದಿನೈದು ದಿನಕ್ಕೊಮ್ಮೆ 80ರಿಂದ 100 ಗ್ರಾಂ ತೂಕದ ಒಂದೊಂದು ಇಲಿ ಕೊಟ್ಟರೆ ಆಯಿತು. ವರ್ಷಕ್ಕೆ 52. ಎಳೆಯದಕ್ಕೆ ವಾರಕ್ಕೊಂದು, ಅದರ ತೂಕದ ಹತ್ತನೇ ಒಂದು ಪಾಲು, ಅಂದರೆ 35ರಿಂದ 40 ಗ್ರಾಮಿನ ಇಲಿ. ಅದೂ ವರ್ಷಕ್ಕೆ 52. ಚಳಿಗಾಲದಲ್ಲಿ ಬಾಲ್ ಪೈಥಾನ್‌ಗಳು, ಅದರಲ್ಲೂ ಗಂಡುಗಳು, ವಾರಗಟ್ಟಲೆ ಮೇವು ಮುಟ್ಟದೆ ಇರುವುದು ಮಾಮೂಲು. ಹಾಗಾಗಿ ವರ್ಷಕ್ಕೆ ಸುಮಾರು 100 ಇಲಿ ಎಂದು ಹಿಡಿಯಿರಿ.

ಈಗ ಇನ್ನೊಂದು ಕಡೆಯ ಲೆಕ್ಕ. ಹೆಣ್ಣಿಲಿಯ ಗಬ್ಬ 21ರಿಂದ 23 ದಿನ. ಹಾಲುಣಿಸುವುದು ಮೂರರಿಂದ ನಾಲ್ಕು ವಾರ. ಆಮೇಲೆ ಎರಡು ವಾರ ವಿಶ್ರಾಂತಿ ಕೊಟ್ಟರೆ ಒಂದು ಸುತ್ತಿಗೆ ಎಂಟರಿಂದ ಒಂಬತ್ತು ವಾರ. ಬೇಸಿಗೆಯಲ್ಲಿ ಬಿಡುವು ಕೊಟ್ಟರೆ (ಕೊಡಲೇಬೇಕು) ಒಂದು ಹೆಣ್ಣಿನಿಂದ ವರ್ಷಕ್ಕೆ ನಾಲ್ಕು ಸೂಲು. ಸೂಲಿಗೆ 8ರಿಂದ 12 ಮರಿ, ಹಾಲು ಬಿಡುವ ಹೊತ್ತಿಗೆ ಸರಾಸರಿ ಒಂಬತ್ತು ಉಳಿಯುತ್ತವೆ ಎಂದುಕೊಳ್ಳಿ. ಮೂರು ಹೆಣ್ಣಿಗೆ 108. ಇಷ್ಟೇ ಬೇಕಾದದ್ದು. ಹತ್ತು ಹೆಣ್ಣು ಇಟ್ಟರೆ 360 ಮರಿ ಬರುತ್ತವೆ. ಮಿಕ್ಕ 250ಕ್ಕೂ ಹೆಚ್ಚು ಇಲಿಗಳಿಗೆ ಜಾಗ, ಕಾಳು, ಸ್ವಚ್ಛತೆ ಎಲ್ಲಿಂದ ತರುತ್ತೀರಿ? ಮನೆಯ ಇಲಿ ಸಾಕಣೆಗಳು ಹಾಳಾಗುವುದು ಬಹುಪಾಲು ಈ ಕಾರಣಕ್ಕೆ. ಮರಿ ಸಾಲದೆ ಕೆಟ್ಟದ್ದು ಅಪರೂಪ, ಮರಿ ಹೆಚ್ಚಾಗಿ ಕೆಟ್ಟದ್ದೇ ಜಾಸ್ತಿ. ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಮೂತ್ರದ ಅಮೋನಿಯಾ ಏರುತ್ತದೆ, ಉಸಿರಾಟದ ಕಾಯಿಲೆ ಶುರುವಾಗುತ್ತದೆ, ಕಚ್ಚಾಟ ಹೆಚ್ಚುತ್ತದೆ. ಮನೆಯಲ್ಲಿ ಒಂದೇ ಹಾವು ಇದ್ದವರಿಗಂತೂ ಸಾಕಣೆಯೇ ಬೇಡ ಎನ್ನುತ್ತೇನೆ. ಫ್ರೀಜ್ ಮಾಡಿದ ಇಲಿಯನ್ನು ಮೂರು ತಿಂಗಳಿಗೊಮ್ಮೆ ತರಿಸಿಕೊಳ್ಳುವುದು ಅವರಿಗೆ ಎಲ್ಲ ರೀತಿಯಲ್ಲೂ ಲೇಸು.

ನೋಂದಣಿ ಆಗಿದೆ ಎಂದಿದ್ದೀರಿ, ಒಳ್ಳೆಯದು. ಬಾಲ್ ಪೈಥಾನ್ ಸೈಟಿಸ್‌ನ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ಅದಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ನೋಂದಣಿ ಕಡ್ಡಾಯ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ನಮ್ಮ ಹೆಬ್ಬಾವು, ಕೇರೆಹಾವು, ನಾಗರಹಾವು, ಉಡ ಯಾವುದನ್ನೂ ಮನೆಯಲ್ಲಿ ಸಾಕುವಂತಿಲ್ಲ. 1972ರ ಕಾಯ್ದೆಯಡಿ ಅದು ಅಪರಾಧ. ಇಗ್ವಾನಾ ಸಾಕಿರುವವರಿಗೆ ಇಲಿಯ ಗೊಡವೆಯೇ ಬೇಡ, ಅದು ಸೊಪ್ಪು ತಿನ್ನುವ ಪ್ರಾಣಿ.

ಜಾಗ ಮತ್ತು ಸೆಕೆ

ಇಲಿಗೆ ಬೆವರಲು ಬರುವುದಿಲ್ಲ, ನಾಯಿಯ ಹಾಗೆ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲೂ ಬರುವುದಿಲ್ಲ. ಬಾಲದ ಮೂಲಕ ಬಿಸಿ ಹೊರಹಾಕುತ್ತದೆ, ಅದೂ ಸಾಲದಾದಾಗ ಮೈಗೆ ಜೊಲ್ಲು ಸವರಿಕೊಳ್ಳುತ್ತದೆ. ಅದಕ್ಕೆ ಹಿತವಾದ ಉಷ್ಣತೆ 20ರಿಂದ 26 ಡಿಗ್ರಿ. 30 ದಾಟಿದರೆ ಮೇವು ತಿನ್ನುವುದು ಕಡಿಮೆಯಾಗಿ ಹಾಲು ಬತ್ತುತ್ತದೆ. 32ರ ಆಸುಪಾಸಿನಲ್ಲಿ ದಿನಗಟ್ಟಲೆ ಇದ್ದ ಗಂಡಿಲಿಯ ವೀರ್ಯ ಕೆಡುತ್ತದೆ, ಸೆಕೆ ಇಳಿದ ಮೇಲೂ ಸುಧಾರಿಸಿಕೊಳ್ಳಲು ಸುಮಾರು ಎರಡು ತಿಂಗಳು ಬೇಕು. 35ರ ಮೇಲೆ ಗಾಳಿಯಾಡದ ಪೆಟ್ಟಿಗೆಯಲ್ಲಿ ಇಲಿಗಳು ಒಂದೇ ಮಧ್ಯಾಹ್ನದಲ್ಲಿ ಸಾಯಬಹುದು. ಮೈಸೂರಿನ ಏಪ್ರಿಲ್‌ನಲ್ಲಿ ಹೊರಗೆ 35 ಡಿಗ್ರಿ ಇದ್ದರೆ ಶೀಟಿನ ಕೆಳಗೆ 40ಕ್ಕೂ ಮೇಲಿರುತ್ತದೆ. ಆ ಕೋಣೆಯನ್ನು ಬೇರೆ ಯಾವುದಕ್ಕಾದರೂ ಬಳಸಿ.

ನೆಲಮಹಡಿಯಲ್ಲಿ ಉತ್ತರ ಅಥವಾ ಪೂರ್ವದ ಗೋಡೆಯಿರುವ ಒಂದು ಸಣ್ಣ ಕೋಣೆ, ಒಂದು ಕಿಟಕಿ, ಒಂದು ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು. ಫ್ಯಾನಿನ ಗಾಳಿ ನೇರವಾಗಿ ಪೆಟ್ಟಿಗೆಗೆ ಹೊಡೆಯಬಾರದು. ಹಾವಿನ ಕೋಣೆಯಲ್ಲಿ ಇಲಿ ಇಡಬೇಡಿ. ಆ ಕೋಣೆ ಇಲಿಗೆ ತೀರಾ ಬಿಸಿ, ಮೇಲಾಗಿ ಹಾವಿನ ವಾಸನೆಗೆ ಇಲಿ, ಇಲಿಯ ವಾಸನೆಗೆ ಹಾವು ಎರಡೂ ನೆಮ್ಮದಿ ಕಳೆದುಕೊಳ್ಳುತ್ತವೆ. ಬೆಳಕು ದಿನಕ್ಕೆ 12ರಿಂದ 14 ಗಂಟೆ, ಮಂದವಾಗಿರಲಿ. ಕೆಂಪು ಕಣ್ಣಿನ ಬಿಳಿ ಇಲಿಗಳಿಗೆ ಪ್ರಖರ ಬೆಳಕಿನಿಂದ ಕಣ್ಣೇ ಹಾಳಾಗುತ್ತದೆ.

ವರ್ಷದ ಲಯವನ್ನು ಹೀಗೆ ಇಟ್ಟುಕೊಳ್ಳಿ. ಜೂನ್ ಕೊನೆಯಿಂದ ಗಂಡನ್ನು ಹೆಣ್ಣಿನ ಜೊತೆ ಕೂಡಿಸಲು ಶುರು ಮಾಡಿ. ಫೆಬ್ರುವರಿ ನಡುವಿನಲ್ಲಿ ಬೇರೆ ಮಾಡಿ. ಮಾರ್ಚ್ ಮೊದಲ ವಾರದ ಸೂಲೇ ಕೊನೆಯದು, ಅದರ ಮರಿಗಳು ಏಪ್ರಿಲ್ ಹೊತ್ತಿಗೆ ಹಾಲು ಬಿಟ್ಟಿರುತ್ತವೆ. ನವೆಂಬರ್‌ನಿಂದ ಫ್ರೀಜರಿನಲ್ಲಿ ದಾಸ್ತಾನು ಮಾಡುತ್ತಾ ಬಂದರೆ ಬೇಸಿಗೆಯನ್ನು ಅದರಲ್ಲೇ ಕಳೆಯಬಹುದು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಎಸಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಮಂಗಳೂರು, ಉಡುಪಿ ಕಡೆ ತೊಂದರೆ ಬೇರೆ: ಗಾಳಿಯ ತೇವಕ್ಕೆ ಪೆಟ್ಟಿಗೆಯ ತಳದ ಹಾಸು ಒಣಗುವುದೇ ಇಲ್ಲ, ಕಾಳು ಬೂಸ್ಟು ಹಿಡಿಯುತ್ತದೆ.

ಪೆಟ್ಟಿಗೆ

ಐದು ಪೆಟ್ಟಿಗೆ ಬೇಕು. ಹೆಣ್ಣುಗಳಿಗೆ ಒಂದು ದೊಡ್ಡದು, ಮರಿ ಹಾಕುವವರಿಗೆ ಎರಡು, ಹಾಲು ಬಿಟ್ಟ ಮರಿಗಳಿಗೆ ಗಂಡು ಹೆಣ್ಣು ಬೇರೆ ಬೇರೆಯಾಗಿ ಎರಡು. ಗಂಡಿಲಿಯನ್ನು ಒಂಟಿಯಾಗಿ ಕೂಡಿಹಾಕಬಾರದು, ಅದು ಗುಂಪಿನ ಪ್ರಾಣಿ. ಹೆಣ್ಣುಗಳ ಜೊತೆ ಇಲ್ಲದ ದಿನಗಳಲ್ಲಿ ಬೆಳೆಯುತ್ತಿರುವ ಗಂಡುಮರಿಗಳ ಜೊತೆ ಬಿಡಿ. ಬೇಸಿಗೆಯ ಬಿಡುವಿಗಾಗಿ ಒಂದು ಗಂಡುಮರಿಯನ್ನು ಅದಕ್ಕೆ ಜೊತೆಗಾರನಾಗಿ ಉಳಿಸಿಕೊಳ್ಳಿ.

ದೊಡ್ಡ ಪೆಟ್ಟಿಗೆ ಕನಿಷ್ಠ 75 ಸೆಂಮೀ ಉದ್ದ, 45 ಸೆಂಮೀ ಅಗಲ, 30 ಸೆಂಮೀ ಎತ್ತರ ಇರಲಿ. ಮರಿ ಹಾಕುವ ಪೆಟ್ಟಿಗೆ 60ಕ್ಕೆ 40 ಆದರೆ ಸಾಕು. ಪ್ಲಾಸ್ಟಿಕ್ ಅಂಗಡಿಯಲ್ಲಿ ಸಿಗುವ ದಪ್ಪ ಗೋಡೆಯ, ಮುಚ್ಚಳವಿರುವ ಡಬ್ಬಗಳೇ ಚೆನ್ನಾಗಿ ನಡೆಯುತ್ತವೆ. ಮುಚ್ಚಳದಲ್ಲಿ ಅಂಚಿನಿಂದ ನಾಲ್ಕು ಬೆರಳು ಬಿಟ್ಟು ಉಳಿದದ್ದನ್ನು ಕತ್ತರಿಸಿ, ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಬಲೆ) ಹಾಕಿ ನಟ್ಟು, ಬೋಲ್ಟು, ವಾಷರ್‌ನಿಂದ ಬಿಗಿಯಿರಿ. ದೊಡ್ಡ ಇಲಿಗಳಿಗೆ ಅರ್ಧ ಇಂಚಿನ ಮೆಶ್, ಮರಿಗಳಿರುವ ಪೆಟ್ಟಿಗೆಗೆ ಕಾಲು ಇಂಚಿನದು. ಕೋಳಿಗೂಡಿನ ಷಡ್ಭುಜ ತಂತಿಬಲೆ ಬೇಡ, ಇಲಿ ಅದನ್ನು ಕಡಿದು ಹೊರಬರುತ್ತದೆ.

ಮೆಶ್ ಯಾವ ಬದಿಗೆ ಇರಬೇಕೆಂಬುದನ್ನು ಮರೆಯಬೇಡಿ. ನಯವಾದ ಗೋಡೆಯ ಮೇಲೆ ಇಲಿಯ ಹಲ್ಲು ಕೂರುವುದಿಲ್ಲ. ಎಲ್ಲಾದರೂ ಒಂದು ಅಂಚು ಸಿಕ್ಕಿತೋ, ಒಂದೇ ರಾತ್ರಿಯಲ್ಲಿ ಅಲ್ಲಿ ರೂಪಾಯಿಯಗಲದ ತೂತು. ಹಾಗಾಗಿ ಮೆಶ್ ಮುಚ್ಚಳದ ಒಳಬದಿಯಲ್ಲಿರಬೇಕು, ಕತ್ತರಿಸಿದ ಪ್ಲಾಸ್ಟಿಕ್ ಅಂಚು ಮೆಶ್‌ನ ಹಿಂದೆ ಅಡಗಿರಬೇಕು. ನೀರಿನ ಬಾಟಲಿಯ ನಳಿಕೆಗೆ ಕೊರೆದ ತೂತಿಗೂ ಒಳಗಿನಿಂದ ಸ್ಟೀಲ್ ವಾಷರ್ ಕೂರಿಸಿ. ತಳ ಗಟ್ಟಿಯಾಗಿರಬೇಕು, ತಂತಿಯ ತಳದ ಮೇಲೆ ನಿಂತರೆ ಪಾದ ಹುಣ್ಣಾಗಿ ಊದುತ್ತದೆ.

ರ್ಯಾಕಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ, ಗೋಡೆಗೆ ತಾಗದಂತೆ ಒಂದು ಗೇಣು ದೂರ ಇಡಿ. ಇರುವೆ ಮುತ್ತಿದರೆ ಹಸಿ ಮರಿ ಒಂದೂ ಉಳಿಯುವುದಿಲ್ಲ. ಲಕ್ಷ್ಮಣರೇಖೆಯಂಥ ಸೀಮೆಸುಣ್ಣ, ಕೀಟನಾಶಕದ ಸ್ಪ್ರೇ ಆ ಕೋಣೆಯೊಳಗೆ ಬರಲೇಬಾರದು.

ಹಾಸು

ಬಡಗಿ ಹತ್ತರಿ ಹೊಡೆದಾಗ ಉದುರುವ ಸುರುಳಿ ಸಿಪ್ಪೆ ಒಳ್ಳೆಯದೇ, ಆದರೆ ಆ ಅಂಗಡಿಯಲ್ಲಿ ಪ್ಲೈವುಡ್, ಎಂಡಿಎಫ್ ಕೊಯ್ಯುತ್ತಿದ್ದರೆ ಬೇಡ. ಅಂಟು, ಗೆದ್ದಲು ಔಷಧಿ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಗರಗಸದ ಪುಡಿ, ಧೂಳು ತುಂಬಿದ ಭತ್ತದ ಹೊಟ್ಟು ಮೂಗಿಗೆ ಹೋಗಿ ಉಸಿರಾಟ ಕೆಡಿಸುತ್ತವೆ. ಘಾಟು ವಾಸನೆಯ ಮರ ಯಾವುದೂ ಬೇಡ. ಏನೂ ಸಿಗದಿದ್ದರೆ ಬರೆಯದ ಬಿಳಿ ಕಾಗದವನ್ನು ಶ್ರೆಡ್ಡರ್‌ನಲ್ಲಿ ಕೊಯ್ದು ಹಾಕಿ. ಮೂರರಿಂದ ನಾಲ್ಕು ಸೆಂಮೀ ದಪ್ಪ ಇರಲಿ.

ಮೂರು ಹೆಣ್ಣಿರುವ ಪೆಟ್ಟಿಗೆಯ ಹಾಸನ್ನು ಐದು ದಿನಕ್ಕೊಮ್ಮೆ ಬದಲಿಸಿ. ಬದಲಿಸುವಾಗ ಹಳೆಯದರಲ್ಲಿ ಒಣಗಿದ ಒಂದು ಹಿಡಿಯನ್ನು ಹೊಸದರೊಳಗೆ ಉಳಿಸಿ. ತಮ್ಮ ವಾಸನೆ ಪೂರ್ತಿ ಹೋದರೆ ಅವು ಗಾಬರಿಯಾಗಿ ಇನ್ನಷ್ಟು ಮೂತ್ರ ಸಿಂಪಡಿಸುತ್ತವೆ. ಸ್ವಚ್ಛತೆಯ ಪರೀಕ್ಷೆ ಸರಳ: ಮುಚ್ಚಳ ತೆಗೆದು ಮುಖ ಬಗ್ಗಿಸಿದಾಗ ನಿಮ್ಮ ಕಣ್ಣು, ಮೂಗು ಉರಿದರೆ ತಡವಾಗಿದೆ ಎಂದರ್ಥ. ಇಲಿ ಇಡೀ ದಿನ ಆ ಗಾಳಿಯನ್ನೇ ಉಸಿರಾಡುತ್ತಿರುತ್ತದೆ.

ಮೇವು, ನೀರು

ಪ್ರಯೋಗಾಲಯದ ಇಲಿಗಳಿಗೆಂದೇ ಮಾಡುವ ಪೆಲೆಟ್ ಸಿಕ್ಕರೆ ಬೇರೆ ಯೋಚನೆ ಬೇಡ. ಗಬ್ಬದ, ಹಾಲುಣಿಸುವ ಇಲಿಗೆ 20 ಶೇಕಡ ಪ್ರೋಟೀನ್ ಇರುವುದನ್ನು ನೋಡಿ ತರಿಸಿ. ಮೂಟೆಯ ಮೇಲಿನ ತಯಾರಿಕೆಯ ದಿನಾಂಕ ನೋಡಿ, ಆರು ತಿಂಗಳಿಗಿಂತ ಹಳೆಯದಾಗಿದ್ದರೆ ವಿಟಮಿನ್ ಹೋಗಿರುತ್ತದೆ. ನಿಮ್ಮ ಅಳತೆಯ ಸಾಕಣೆಗೆ ತಿಂಗಳಿಗೆ ಐದರಿಂದ ಆರು ಕೆಜಿ ಸಾಕು.

ಪೆಲೆಟ್ ಬರುವುದು ತಡವಾದರೆ ಮನೆಯಲ್ಲಿ ಹೀಗೆ ಮಾಡಿಕೊಳ್ಳಬಹುದು. ಒಂದು ಕೆಜಿಗೆ ಗೋಧಿ 400 ಗ್ರಾಂ, ಮೆಕ್ಕೆಜೋಳ 150, ಹುರಿಗಡಲೆ 150, ಸೋಯಾ ಚಂಕ್ಸ್ 150, ರಾಗಿ 90, ಉಪ್ಪಿಲ್ಲದ ಒಣಮೀನು 50, ದನಕರುಗಳಿಗೆ ಕೊಡುವ ಖನಿಜ ಮಿಶ್ರಣ 10 ಗ್ರಾಂ. ಪ್ರೋಟೀನ್ ಸುಮಾರು 20 ಶೇಕಡ ಬರುತ್ತದೆ. ಇದನ್ನು ಕಾಳಾಗಿಯೇ ಸುರಿದರೆ ಇಲಿ ತನಗೆ ರುಚಿಸಿದ್ದನ್ನು ಆರಿಸಿ ತಿಂದು ಮಿಕ್ಕದ್ದನ್ನು ಮೂತ್ರದಲ್ಲಿ ತುಳಿಯುತ್ತದೆ. ಎಲ್ಲವನ್ನೂ ಹಿಟ್ಟು ಮಾಡಿಸಿ, ಬಿಸಿನೀರಲ್ಲಿ ಕಲಸಿ, ಬೆರಳುದ್ದದ ಕೋಲು ಮಾಡಿ ಗರಿಗರಿಯಾಗುವವರೆಗೆ ಒಣಗಿಸಿ. ಹಸಿ ಸೋಯಾಕಾಳು ಹಾಕಬೇಡಿ, ಅದು ಪ್ರೋಟೀನ್ ಜೀರ್ಣವಾಗದಂತೆ ತಡೆಯುತ್ತದೆ. ಕಡಲೆಕಾಯಿ ಹಿಂಡಿ, ಮುಗ್ಗಲು ವಾಸನೆಯ ಜೋಳ ಎರಡರಲ್ಲೂ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರಬಹುದು, ಅದು ಲಿವರ್ ಕೆಡಿಸುತ್ತದೆ. ಈ ಮಿಶ್ರಣ ಕೆಲವು ವಾರಗಳ ಮಟ್ಟಿಗೆ, ವರ್ಷಪೂರ್ತಿಗಲ್ಲ.

ಅಗ್ಗವೆಂದು ಹಲವರು ಕೋಳಿ ಮೇವು ತರುತ್ತಾರೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಮೂರೂವರೆ, ನಾಲ್ಕು ಶೇಕಡ ಇರುತ್ತದೆ. ಇಲಿಗೆ ಬೇಕಾದದ್ದು ಅರ್ಧದಿಂದ ಒಂದು ಶೇಕಡ. ಮಿಕ್ಕದ್ದು ಮೂತ್ರಪಿಂಡಕ್ಕೆ ಹೊರೆ. ಮಾಂಸದ ಕೋಳಿಯ ಮೇವಿನಲ್ಲಿ ಸಾಲಿನೊಮೈಸಿನ್, ಮೊನೆನ್ಸಿನ್‌ನಂಥ ಔಷಧಿ ಬೆರೆತಿರುವುದುಂಟು. ಎರಡೂ ಬೇಡ. ನಾಯಿಯ ಒಣ ಆಹಾರವನ್ನು ಹಾಲುಣಿಸುವ ಇಲಿಗೆ ದಿನಕ್ಕೆ ನಾಲ್ಕೈದು ತುಂಡು ಕೊಡಬಹುದು.

ದೊಡ್ಡ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ. ಹಾಲುಣಿಸುವಾಗ ಅದರ ಎರಡು ಮೂರು ಪಟ್ಟು, ಆ ದಿನಗಳಲ್ಲಿ ಅಳತೆ ಮಾಡದೆ ಸದಾ ಇಟ್ಟಿರಿ. ನೀರು ಮಾಮೂಲಿ ದಿನಕ್ಕೆ 30ರಿಂದ 40 ಮಿಲಿ, ಹಾಲುಣಿಸುವಾಗ ಅದೂ ದುಪ್ಪಟ್ಟು. ಪ್ರತಿ ಪೆಟ್ಟಿಗೆಗೂ ಎರಡು ಬಾಟಲಿ ಇರಲಿ. ಒಂದರ ನಳಿಕೆಯೊಳಗಿನ ಗುಂಡು ಸಿಕ್ಕಿಕೊಂಡರೆ ಇನ್ನೊಂದು ಜೀವ ಉಳಿಸುತ್ತದೆ. ದಿನವೂ ನಳಿಕೆಯ ತುದಿಯನ್ನು ಬೆರಳಿನಿಂದ ಒತ್ತಿ ಹನಿ ಬರುವುದನ್ನು ನೋಡಿ. ನಳಿಕೆ ಹಾಸಿಗೆ ತಾಗಿದ್ದರೆ ನೀರು ಪೂರ್ತಿ ಹಾಸಿಗೆ ಇಳಿಯುತ್ತದೆ, ಗೂಡು ಒದ್ದೆಯಾಗಿ ಹಸಿ ಮರಿಗಳು ಥಂಡಿಗೆ ಸಾಯುತ್ತವೆ.

ಮೂಲ ಇಲಿಗಳ ಆಯ್ಕೆ

ಮಾರಾಟಗಾರರ ಬಳಿ ಹೋದಾಗ ಇಲಿಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿಯಿರಿ. ಉಸಿರಿನ ಜೊತೆ ಗೊರಗೊರ, ಚಿಟಿಚಿಟಿ ಸದ್ದು ಕೇಳಿದರೆ ಆ ಪೆಟ್ಟಿಗೆಯ ಯಾವ ಇಲಿಯೂ ಬೇಡ. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಇಲಿಗಳಲ್ಲಿ ಬಹಳ ಸಾಮಾನ್ಯ. ಒಮ್ಮೆ ಬಂದರೆ ಹೋಗುವುದಿಲ್ಲ, ತಾಯಿಯಿಂದ ಮರಿಗೂ ದಾಟುತ್ತದೆ. ಧೂಳು, ಅಮೋನಿಯಾ, ಇಕ್ಕಟ್ಟು ಸೇರಿದರೆ ಉಲ್ಬಣಿಸುತ್ತದೆ. ಕಣ್ಣು ಮೂಗಿನ ಸುತ್ತ ಕಂಡುಬರುವ ಕೆಂಪು ರಕ್ತವಲ್ಲ, ಕಣ್ಣಿನ ಗ್ರಂಥಿಯಿಂದ ಸ್ರವಿಸುವ ಬಣ್ಣ. ಆದರೆ ಇಲಿಗೆ ಏನೋ ತೊಂದರೆ ಇದೆ ಎಂಬುದರ ಗುರುತು.

ಏಳೆಂಟು ವಾರ ವಯಸ್ಸಿನ ಮೂರು ಹೆಣ್ಣನ್ನು ಒಂದೇ ಗುಂಪಿನಿಂದ ತನ್ನಿ, ಹೊಂದಿಕೊಂಡಿರುತ್ತವೆ. ಗಂಡನ್ನು ಬೇರೆ ಮೂಲದಿಂದ ತನ್ನಿ. ಇವು ಬರುವ ಪೆಟ್ಟಿಗೆಯನ್ನು ಮೂರು ವಾರ ಬೇರೆ ಕೋಣೆಯಲ್ಲಿಟ್ಟು ನೋಡಿ, ಹೇನು, ತುರಿಕೆ ಕಂಡರೆ ಪಶುವೈದ್ಯರನ್ನು ಕೇಳಿ ಔಷಧಿ ಮಾಡಿ. ಬೋನಿಗೆ ಬಿದ್ದ ಊರ ಇಲಿಯನ್ನು ಸಾಕಣೆಗೂ ಸೇರಿಸಬೇಡಿ, ಹಾವಿಗೂ ಹಾಕಬೇಡಿ. ಇಲಿಜ್ವರದ ಲೆಪ್ಟೊಸ್ಪೈರಾ, ಹುಳುಗಳು, ಇಲಿಪಾಷಾಣ ಎಲ್ಲವೂ ಅದರ ಜೊತೆ ಮನೆಗೆ ಬರುತ್ತವೆ. ಪಾಷಾಣ ತಿಂದ ಇಲಿ ನಾಲ್ಕೈದು ದಿನ ಓಡಾಡಿಕೊಂಡೇ ಇರುತ್ತದೆ.

ಕೂಡಿಸುವುದರಿಂದ ಹಾಲು ಬಿಡಿಸುವವರೆಗೆ

ಇಲಿ ಐದಾರು ವಾರಕ್ಕೇ ಬೆದೆಗೆ ಬರುತ್ತದೆ. ಅಷ್ಟು ಬೇಗ ಗಬ್ಬವಾದರೆ ತಾಯಿಯ ಬೆಳವಣಿಗೆ ನಿಲ್ಲುತ್ತದೆ, ಮರಿಯೂ ಬಡಕಲು. ಹೆಣ್ಣು ಮೂರೂವರೆ ತಿಂಗಳು ದಾಟಿ 250 ಗ್ರಾಂ ಆಗಲಿ. ಆದರೆ ಚೊಚ್ಚಲ ಸೂಲನ್ನು ಆರು ತಿಂಗಳಿಗಿಂತ ಮುಂದೂಡಬೇಡಿ.

ಬೆದೆ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ. ಗಂಡನ್ನು ಹತ್ತು ದಿನ ಜೊತೆಗೆ ಬಿಟ್ಟರೆ ಎರಡು ಬೆದೆ ಸಿಗುತ್ತದೆ. ಮೂರೂ ಹೆಣ್ಣನ್ನು ಒಟ್ಟಿಗೆ ಕೂಡಿಸಬೇಡಿ. ಒಂದೊಂದನ್ನೇ ಮೂರು ವಾರದ ಅಂತರದಲ್ಲಿ ಕೂಡಿಸಿದರೆ ಮರಿಗಳು ಹಂತಹಂತವಾಗಿ ಸಿಗುತ್ತವೆ. ಹದಿನಾಲ್ಕನೇ ದಿನದ ಹೊತ್ತಿಗೆ ಹೊಟ್ಟೆ ಎರಡು ಬದಿಗೆ ಉಬ್ಬಿದ್ದು ಮೇಲಿನಿಂದಲೇ ಕಾಣುತ್ತದೆ. ಹದಿನೇಳು, ಹದಿನೆಂಟನೇ ದಿನ ಅವಳನ್ನು ಮರಿ ಹಾಕುವ ಪೆಟ್ಟಿಗೆಗೆ ಬಿಡಿ. ಎರಡು ಹಿಡಿ ಕಾಗದದ ಎಳೆ ಕೊಡಿ, ಗೂಡು ಅವಳೇ ಕಟ್ಟುತ್ತಾಳೆ. ಹೆರಿಗೆಯ ಹೊತ್ತಿನಲ್ಲಿ ಗಂಡು ಅಲ್ಲಿ ಇರಲೇಬಾರದು. ಮರಿ ಹಾಕಿದ 24 ಗಂಟೆಯೊಳಗೆ ಮತ್ತೆ ಬೆದೆ ಬರುತ್ತದೆ, ಗಂಡು ಪಕ್ಕದಲ್ಲಿದ್ದರೆ ಹಾಲುಣಿಸುತ್ತಲೇ ಇನ್ನೊಂದು ಗಬ್ಬ. ವ್ಯಾಪಾರಕ್ಕೆ ಸಾಕುವವರು ಹೀಗೆಯೇ ಮಾಡಿಸುತ್ತಾರೆ. ನಿಮಗೆ ಆ ಅವಸರವಿಲ್ಲ, ಇಲಿಯ ಮೈ ಸವೆಸುವುದು ಬೇಡ.

ಹೆರಿಗೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಮರುದಿನ ಅವಳು ಗೂಡು ಬಿಟ್ಟು ಮೇವಿಗೆ ಬಂದಾಗ ಒಮ್ಮೆ ಇಣುಕಿ ನೋಡಿ. ಆರೇಳು ಗ್ರಾಮಿನ ಗುಲಾಬಿ ಮರಿಗಳು, ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತವೆ, ಚರ್ಮ ಪಾರದರ್ಶಕ. ಹಾಲು ಕುಡಿದ ಮರಿಯ ಎಡಪಕ್ಕೆಯಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ, ಅದು ಹೊಟ್ಟೆಯೊಳಗಿನ ಹಾಲು. ಎಲ್ಲದರಲ್ಲೂ ಪಟ್ಟಿ ಇದ್ದರೆ ಮುಚ್ಚಳ ಹಾಕಿ ಮೂರು ದಿನ ಆ ಕಡೆ ಹೋಗಬೇಡಿ, ಮೇವು ನೀರು ಮಾತ್ರ ನೋಡಿಕೊಳ್ಳಿ. ಪಟ್ಟಿ ಇಲ್ಲದ, ತಣ್ಣಗಿನ ಮರಿಗಳು ಗೂಡಿನ ಹೊರಗೆ ಚದುರಿ ಬಿದ್ದಿದ್ದರೆ ತಾಯಿಗೆ ಹಾಲಿಲ್ಲ ಅಥವಾ ಅವಳೇ ಕಾಯಿಲೆ ಬಿದ್ದಿದ್ದಾಳೆ. ಆರು ದಿನದೊಳಗಿನ ಅಂತರದಲ್ಲಿ ಮರಿ ಹಾಕಿದ ಇನ್ನೊಂದು ತಾಯಿಯಿದ್ದರೆ, ಅವಳ ಹಾಸಿನಲ್ಲಿ ಮರಿಗಳನ್ನು ಉರುಳಿಸಿ ಅವಳ ಗೂಡಿಗೆ ಸೇರಿಸಬಹುದು. ಅಂತರ ಹೆಚ್ಚಿದ್ದರೆ ದೊಡ್ಡ ಮರಿಗಳು ಚಿಕ್ಕವಕ್ಕೆ ಮೊಲೆ ಬಿಟ್ಟುಕೊಡುವುದಿಲ್ಲ. ತಾಯಿಗೆ ಇರುವುದು ಹನ್ನೆರಡೇ ಮೊಲೆತೊಟ್ಟು. ಹದಿನಾಲ್ಕು ಮರಿ ಬಂದರೂ ಚೆನ್ನಾಗಿ ಬೆಳೆಯುವುದು ಹತ್ತೋ ಹನ್ನೆರಡೋ.

ಐದಾರು ದಿನಕ್ಕೆ ನವಿರು ಕೂದಲು. ಹತ್ತನೇ ದಿನದ ಆಸುಪಾಸಿನಲ್ಲಿ ಹೆಣ್ಣುಮರಿಯ ಹೊಟ್ಟೆಯ ಮೇಲೆ ಮೊಲೆತೊಟ್ಟಿನ ಚುಕ್ಕೆಗಳು ಕಾಣುತ್ತವೆ. ಲಿಂಗ ಗುರುತಿಸಲು ಇದಕ್ಕಿಂತ ಸುಲಭದ ದಿನ ಇನ್ನೊಂದಿಲ್ಲ, ಕೂದಲು ದಟ್ಟವಾದರೆ ಮರೆಯಾಗುತ್ತದೆ. ಎರಡು ವಾರಕ್ಕೆ ಕಣ್ಣು ತೆರೆಯುತ್ತವೆ, ಮೇವು ಕಚ್ಚುತ್ತವೆ. ಆ ದಿನವೇ ಬಾಟಲಿಯ ನಳಿಕೆಯನ್ನು ಮರಿಗೆ ಎಟುಕುವಷ್ಟು ಕೆಳಗಿಳಿಸಿ. 21ನೇ ದಿನ ತೂಕ 40 ಗ್ರಾಮಿನ ಹತ್ತಿರ. ನಾಲ್ಕನೇ ವಾರ ತುಂಬುವಷ್ಟರಲ್ಲಿ ಗಂಡು ಹೆಣ್ಣು ಬೇರೆಯಾಗಲೇಬೇಕು. ಒಂದು ವಾರ ಮೈಮರೆತರೆ ಅಕ್ಕತಂಗಿಯರೆಲ್ಲ ಗಬ್ಬ. ಐದೂವರೆ, ಆರು ವಾರಕ್ಕೆ 100 ಗ್ರಾಂ ಮುಟ್ಟುತ್ತವೆ. ನಿಮ್ಮ ಎಳೆಯ ಹಾವಿಗೆ ಮೂರು ವಾರದ ಮರಿ, ದೊಡ್ಡವಕ್ಕೆ ಐದಾರು ವಾರದ್ದು.

ತಾಯಿಯನ್ನು ನಾಲ್ಕೈದು ಸೂಲಿಗೆ, ಅಥವಾ ಹದಿನೈದು ತಿಂಗಳಿಗೆ ನಿವೃತ್ತಿ ಮಾಡಿ. ಆಮೇಲೆ ಸೂಲಿನ ಗಾತ್ರ ಇಳಿಯುತ್ತದೆ, ಮೊಲೆಯ ಗಡ್ಡೆಗಳೂ ಶುರುವಾಗುತ್ತವೆ. ನಿವೃತ್ತಳಾದ 350 ಗ್ರಾಮಿನ ಇಲಿ ನಿಮ್ಮ ಹಾವುಗಳಿಗೆ ತೀರಾ ದೊಡ್ಡದು. ಜಾಗವಿದ್ದರೆ ಉಳಿದ ಒಂದು ವರ್ಷ ಅದು ನೆಮ್ಮದಿಯಾಗಿರಲಿ.

ತಾಯಿಯೇ ಮರಿ ತಿಂದರೆ

ಎಲ್ಲರನ್ನೂ ಕಂಗೆಡಿಸುವ ಪ್ರಶ್ನೆ ಇದು. ಸತ್ತ ಮರಿಯನ್ನು ತಾಯಿ ತಿಂದು ಗೂಡು ಶುಚಿ ಮಾಡುವುದು ಸಹಜ, ಅದರ ಬಗ್ಗೆ ಚಿಂತೆ ಬೇಡ. ಬದುಕಿದ ಮರಿಗಳನ್ನೇ ತಿಂದಿದ್ದರೆ ಮೊದಲು ನೀರಿನ ಬಾಟಲಿ ನೋಡಿ. ಹಾಲು ಬರಲು ನೀರಿಲ್ಲದಿರುವುದೇ ಬಹಳ ಸಲ ಕಾರಣ. ಆಮೇಲೆ ಮೇವಿನ ಪ್ರೋಟೀನ್, ಕೋಣೆಯ ಉಷ್ಣತೆ, ಗೂಡಿಗೆ ಪದೇಪದೇ ಕೈ ಹಾಕಿದ್ದು, ಬೆಕ್ಕು ಮುಚ್ಚಳದ ಮೇಲೆ ಕೂತದ್ದು, ಹಾವು ಹಿಡಿದ ಕೈಯಲ್ಲೇ ಮರಿ ಮುಟ್ಟಿದ್ದು. ಚೊಚ್ಚಲ ಸೂಲಿನಲ್ಲಿ ಒಮ್ಮೆ ಹೀಗಾದರೆ ಇನ್ನೊಂದು ಅವಕಾಶ ಕೊಡಿ. ಎಲ್ಲ ಸರಿಯಿದ್ದೂ ಎರಡನೇ ಸಲವೂ ತಿಂದರೆ ಅವಳಿಂದ ಮರಿ ಮಾಡಿಸಬೇಡಿ, ಅವಳ ಹೆಣ್ಣುಮರಿಯನ್ನೂ ಉಳಿಸಿಕೊಳ್ಳಬೇಡಿ.

ಗಬ್ಬವೇ ನಿಲ್ಲದಿದ್ದರೆ ಕಳೆದ ಎರಡು ತಿಂಗಳ ಸೆಕೆ ನೆನಪಿಸಿಕೊಳ್ಳಿ, ಗಂಡಿನ ವಯಸ್ಸು, ಹೆಣ್ಣಿನ ಕೊಬ್ಬು ನೋಡಿ. ಮರಿಗಳ ಬಾಲದ ಸುತ್ತ ಉಂಗುರದಂತೆ ಗೀರು ಬಿದ್ದು ತುದಿ ಉದುರಿದರೆ ಗಾಳಿ ತೀರಾ ಒಣಗಿದೆ ಎಂದರ್ಥ. ಜನವರಿ, ಫೆಬ್ರುವರಿಯ ಮೈಸೂರಿನಲ್ಲಿ ಇದು ಬರಬಹುದು. ಕೋಣೆಯಲ್ಲಿ ಅಗಲ ಬಾಯಿಯ ನೀರಿನ ಪಾತ್ರೆ ಇಟ್ಟು ತೇವವನ್ನು 50 ಶೇಕಡಕ್ಕೆ ತನ್ನಿ.

ಕೊಲ್ಲುವ ವಿಧಾನ

ಇಲ್ಲಿ ಅರೆಬರೆ ಕೆಲಸಕ್ಕೆ ಎಡೆಯೇ ಇಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇಲಿಗೂ ಅನ್ವಯಿಸುತ್ತದೆ, ಕಾಯ್ದೆ ಇಲ್ಲದಿದ್ದರೂ ನಾವೇ ಬೆಳೆಸಿದ ಜೀವಕ್ಕೆ ನೋವಿಲ್ಲದ ಸಾವು ಕೊಡುವುದು ನಮ್ಮ ಹೊಣೆ. ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಡಬೇಡಿ. ಇಲಿ ಭಯದಲ್ಲಿ ಸಾಯುತ್ತದೆ, ಹಸಿವಿಲ್ಲದ ಹಾವನ್ನು ಬೆನ್ನೆಲುಬು ಕಾಣುವಂತೆ ಕಚ್ಚಿಯೂ ಹಾಕುತ್ತದೆ. ಜೀವಂತ ಫ್ರೀಜರಿಗೆ ಹಾಕುವುದು, ನೀರಲ್ಲಿ ಮುಳುಗಿಸುವುದು ಎರಡೂ ಕ್ರೌರ್ಯ.

ಇಂಗಾಲದ ಡೈಆಕ್ಸೈಡ್ ಅನಿಲವೇ ಮನೆಯಲ್ಲಿ ಮಾಡಬಹುದಾದ ವಿಧಾನ. ಸಿಲಿಂಡರ್, ರೆಗ್ಯುಲೇಟರ್, ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸುವ ಫ್ಲೋಮೀಟರ್ ಮೂರೂ ಬೇಕು. ಅಕ್ವೇರಿಯಂ ಗಿಡಗಳಿಗೆ ಬಳಸುವ ಗುಳ್ಳೆ ಎಣಿಸುವ ಸಾಧನ ಸಾಲದು, ಅದರಲ್ಲಿ ಅನಿಲ ತೀರಾ ನಿಧಾನವಾಗಿ ಬಂದು ಇಲಿ ಒದ್ದಾಡುತ್ತದೆ. ವಿನೆಗರ್, ಸೋಡಾ ಬೆರೆಸಿ ಅನಿಲ ಮಾಡುವುದೂ ಬೇಡ, ಪ್ರಮಾಣ ಹಿಡಿತಕ್ಕೆ ಸಿಗುವುದಿಲ್ಲ. ಅಮೆರಿಕದ ಪಶುವೈದ್ಯ ಸಂಘದ 2020ರ ಮಾರ್ಗಸೂಚಿಯ ಪ್ರಕಾರ ಪೆಟ್ಟಿಗೆಯ ಗಾತ್ರದ 30ರಿಂದ 70 ಶೇಕಡದಷ್ಟು ಅನಿಲ ಪ್ರತಿ ನಿಮಿಷ ಒಳಗೆ ಹೋಗಬೇಕು. 20 ಲೀಟರಿನ ಪೆಟ್ಟಿಗೆಗೆ ನಿಮಿಷಕ್ಕೆ 10 ಲೀಟರ್ ಎಂದು ಇಟ್ಟುಕೊಳ್ಳಿ. ಮೊದಲೇ ಅನಿಲ ತುಂಬಿದ ಪೆಟ್ಟಿಗೆಗೆ ಇಲಿ ಇಳಿಸಬೇಡಿ. ಒಂದೇ ಗುಂಪಿನ ಇಲಿಗಳನ್ನು ಅವುಗಳ ಹಳೆಯ ಹಾಸಿನ ಜೊತೆಗೇ ಒಳಗೆ ಬಿಟ್ಟು, ಆಮೇಲೆ ಅನಿಲ ಹರಿಸಿ. ಉಸಿರು ನಿಂತ ಮೇಲೂ ಒಂದೆರಡು ನಿಮಿಷ ಹರಿಸಿ, ಹತ್ತು ನಿಮಿಷ ಮುಚ್ಚಿಡಿ. ಹೊರತೆಗೆದು ಎದೆಬಡಿತ ನಿಂತಿದೆಯೇ ಎಂದು ಬೆರಳಿಟ್ಟು ನೋಡಿ, ಕಣ್ಣಿನ ಪಾಪೆಯನ್ನು ಮೃದುವಾಗಿ ಮುಟ್ಟಿ, ರೆಪ್ಪೆ ಅಲುಗಬಾರದು. ಸಣ್ಣ ಸಂಶಯವಿದ್ದರೂ ಮತ್ತೆ ಅನಿಲ ಕೊಡಿ. ಈ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಕೂರುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಮಕ್ಕಳು ಹತ್ತಿರ ಇರಬಾರದು.

ಹತ್ತು ದಿನದೊಳಗಿನ ಹಸಿ ಮರಿಗಳ ಮೇಲೆ ಈ ಅನಿಲ ಬೇಗ ಕೆಲಸ ಮಾಡುವುದಿಲ್ಲ, ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಬಹುದು. ನಿಮ್ಮ ಹಾವು ಯಾವುದಕ್ಕೂ ಪಿಂಕಿ (ಕೂದಲು ಬಾರದ ಹಸಿ ಮರಿ) ಬೇಕಿಲ್ಲ. ಹಾಗಾಗಿ ಮೂರು ವಾರ ತುಂಬದ ಮರಿಯನ್ನು ಮುಟ್ಟುವ ಪ್ರಮೇಯವೇ ಬರಬಾರದು. ಮೊದಲ ಸಲ ಒಬ್ಬ ಪಶುವೈದ್ಯರನ್ನು ಜೊತೆಗೆ ಕರೆಸಿಕೊಂಡು ಕಲಿಯಿರಿ.

ಫ್ರೀಜರ್, ಕೈಗಳ ಶುಚಿ, ಹಾವಿಗೆ ಕೊಡುವುದು

ಒದ್ದೆಯಾಗಿದ್ದರೆ ಒರೆಸಿ, ಅರ್ಧ ಗಂಟೆ ಆರಲು ಬಿಟ್ಟು, ಜಿಪ್ ಚೀಲದಲ್ಲಿ ಬಾಲ ನೇರವಾಗಿ ಚಾಚುವಂತೆ ಮಲಗಿಸಿ, ಗಾಳಿ ಒತ್ತಿ ತೆಗೆಯಿರಿ. ಚೀಲದ ಮೇಲೆ ತೂಕ, ದಿನಾಂಕ ಬರೆಯಿರಿ. ಮೈನಸ್ 18 ಡಿಗ್ರಿಯಲ್ಲಿ ಆರು ತಿಂಗಳು ಇಡಬಹುದು. ಮನೆಯವರು ಐಸ್‌ಕ್ರೀಮ್, ಬಟಾಣಿ ಇಡುವ ಫ್ರೀಜರ್ ಬೇಡ, ಚಿಕ್ಕದೊಂದು ಬೇರೆಯದೇ ಇರಲಿ. ಫ್ರೀಜ್ ಮಾಡಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. ಕೈಗವಸು, ಸೋಪು, ಪ್ರತ್ಯೇಕ ಪಾತ್ರೆ ಎಲ್ಲಕ್ಕೂ ಇದೇ ಕಾರಣ. ಇಲಿ ಕಚ್ಚಿದ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಆಮೇಲಿನ ವಾರಗಳಲ್ಲಿ ಜ್ವರ, ಕೀಲುನೋವು, ಮೈಮೇಲೆ ಗಂಧೆ ಬಂದರೆ ವೈದ್ಯರಿಗೆ ಇಲಿ ಸಾಕಿರುವ ವಿಷಯವನ್ನು ತಪ್ಪದೆ ಹೇಳಿ. ಹಳೆಯ ಹಾಸನ್ನು ಹೂಗಿಡದ ಗೊಬ್ಬರದ ಗುಂಡಿಗೆ ಹಾಕಿ, ಸೊಪ್ಪಿನ ಮಡಿಗೆ ಹಾಕಬೇಡಿ.

ಹಾವಿಗೆ ಕೊಡುವ ಹಿಂದಿನ ರಾತ್ರಿ ಚೀಲವನ್ನು ತಟ್ಟೆಯಲ್ಲಿಟ್ಟು ಫ್ರಿಜ್‌ನ ಕೆಳಗಿನ ಅಂತಸ್ತಿಗೆ ಇಳಿಸಿ. ಕೊಡುವ ಹೊತ್ತಿಗೆ ಚೀಲದ ಸಮೇತ 45 ಡಿಗ್ರಿಯ ಬಿಸಿನೀರಲ್ಲಿ ಹದಿನೈದು ನಿಮಿಷ ಮುಳುಗಿಸಿ. ಹೊಟ್ಟೆಯನ್ನು ಒತ್ತಿ ನೋಡಿ, ಒಳಗೆ ಗಟ್ಟಿ ಸಿಕ್ಕಿದರೆ ಇನ್ನೂ ಕರಗಿಲ್ಲ. ಬಾಲ್ ಪೈಥಾನ್ ತುಟಿಯ ಗುಳಿಗಳಿಂದ ಬಿಸಿಯನ್ನು ಗ್ರಹಿಸುವ ಹಾವು, ತಣ್ಣನೆಯ ಇಲಿಯನ್ನು ಮೂಸಿ ಬಿಡುತ್ತದೆ. ತಲೆಯ ಭಾಗ 38ರಿಂದ 40 ಡಿಗ್ರಿ ಬೆಚ್ಚಗಿರಲಿ. ಮೈಕ್ರೋವೇವ್ ಬೇಡ, ಹೊಟ್ಟೆ ಒಡೆಯುತ್ತದೆ. ಒಂದಡಿ ಉದ್ದದ ಚಿಮಟದಲ್ಲಿ ಇಲಿಯ ಬೆನ್ನು ಹಿಡಿದು, ಸಂಜೆ ದೀಪ ಆರಿಸಿದ ಮೇಲೆ ತೋರಿಸಿ. ಹಿಡಿಯದಿದ್ದರೆ ಅಡಗುತಾಣದ ಬಾಯಲ್ಲಿಟ್ಟು ರಾತ್ರಿ ಬಿಡಿ. ಬೆಳಗ್ಗೆಯೂ ಹಾಗೇ ಇದ್ದರೆ ಆ ಇಲಿಯನ್ನು ಮಣ್ಣು ಮಾಡಿ, ಮತ್ತೆ ಫ್ರೀಜ್ ಮಾಡಬೇಡಿ. ಮುಂದಿನ ಪ್ರಯತ್ನ ಒಂದು ವಾರದ ನಂತರ.